ಹಂಗಳದ ಕಾಯಿ, ಕಾಶ್ಮೀರದ ಕಾವಲು

ಯಾತ್ರೆ ಮಾಡಿದರೆ ಮನಸ್ಸು ಪರಿಶುದ್ಧವಾಗುತ್ತದೆ ಎನ್ನುತ್ತಾರೆ. ನಮ್ಮ ಕಡೆಯವರು ಗುಂಪು ಕಟ್ಟಿಕೊಂಡು ಹೊರಟರೆ ಅದೊಂದನ್ನು ಬಿಟ್ಟು ಮಿಕ್ಕೆಲ್ಲವೂ ಆಗುತ್ತದೆ. ಗುಂಡ್ಲುಪೇಟೆ, ಚಾಮರಾಜನಗರಗಳಿಂದ ಒಂದು ಬಸ್ಸು ತುಂಬುವಷ್ಟು ಜನ ಕಾಶ್ಮೀರದ ಪುರಾತನ ದೇವಾಲಯಗಳನ್ನು ನೋಡಿ ಬಂದೆವು. ಅನುಭವವೇನೆಂದು ಕೇಳಿದವರೆಲ್ಲ ಭಕ್ತಿಯ ಮಾತನ್ನು ನಿರೀಕ್ಷಿಸುತ್ತಾರೆ. ನನಗೆ ನೆನಪಿರುವುದು ಇಷ್ಟು.

ಕಾಯಿ ಹೊರಟದ್ದು

ರೈಲಿನಲ್ಲಿ ನನ್ನ ಪಕ್ಕದಲ್ಲಿ ಕುಳಿತವಳು ಹಂಗಳದ ರೈತ ಹೆಂಗಸು. ಆಕೆಯ ಮಡಿಲಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಜುಟ್ಟಿನ ತೆಂಗಿನಕಾಯಿ ಇತ್ತು. ಮಲಗುವಾಗಲೂ ಅದನ್ನು ಕೆಳಗಿಡಲಿಲ್ಲ. ವಿಚಾರಿಸಿದೆ.

ಆಕೆಯ ಮಗ ಸೈನ್ಯದಲ್ಲಿದ್ದಾಗ ಶ್ರೀನಗರದ ಬೆಟ್ಟವೊಂದರ ಬುಡದಲ್ಲಿ ಕಾವಲಿಗಿದ್ದನಂತೆ. ಅಲ್ಲಿ ಗುಂಡು ಹಾರಿತೆಂದು ಟಿವಿಯಲ್ಲಿ ಕಂಡ ದಿನ, ಮಗ ಕ್ಷೇಮವಾಗಿ ಮನೆ ಸೇರಿದರೆ ಹಿತ್ತಲ ಮರದ ಕಾಯನ್ನು ಆ ಬೆಟ್ಟದ ಶಿವನಿಗೆ ಒಡೆಸುವುದಾಗಿ ಆಕೆ ಹರಕೆ ಹೊತ್ತಳು. ಮಗ ಸೇವೆಯ ಅವಧಿ ಮುಗಿಸಿ ಬಂದ, ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದ. ಹರಕೆ ಮಾತ್ರ ಬಾಕಿ ಉಳಿಯಿತು. ಈಗ ಅವನಿಗೆ ನೋಡಿದ ಹೆಣ್ಣುಗಳೆಲ್ಲ ಕೈತಪ್ಪುತ್ತಿದ್ದವು.

“ಕಾಯಿ ಒಡೀದೆ ಮದ್ವೆ ಆಗಕಿಲ್ಲ ಅಂದ್ಬುಟ್ರು ಕಣ್ರಮ್ಮ, ಶಾಸ್ತ್ರ ಯೋಳೋರು. ಈಗೊಂದು ಹೆಣ್ಣಿನ ಮನೆಯವ್ರು ನಾನು ಬರಗಂಟ ತಡ್ಕತೀವಿ ಅಂದವ್ರೆ.”

“ನಿಮ್ಮ ಮಗ ಏನೆನ್ನುತ್ತಾನೆ?”

“ಅವ್ನಾ? ‘ಅವ್ರು ಕೇಳ್ತಿರೋದು ಕಾಯಲ್ಲ ಕಣವ್ವ, ಪರ್ಮನೆಂಟ್ ಕೆಲ್ಸ’ ಅಂತಾನೆ. ದೇಸ ಕಾದವ್ನೆ, ಬುದ್ಧಿ ಮಾತ್ರ ಬರ್ನಿಲ್ಲ.”

ರಸ್ತೆ ತಡೆ

ಜಮ್ಮುವಿನಿಂದ ಮೇಲಕ್ಕೆ ಬಸ್ಸಿನ ದಾರಿ. ಸೈನ್ಯದ ವಾಹನಗಳ ಸಾಲು ಹಾದುಹೋಗುವಾಗ ಉಳಿದವರೆಲ್ಲ ನಿಂತು ದಾರಿ ಬಿಡಬೇಕು. ಆದರೆ ಬಂಡೀಪುರದ ಅಂಚಿನಲ್ಲಿ ಬದುಕುವವರಿಗೆ, ಮರಗಳ ನಡುವಿನ ರಸ್ತೆಯಲ್ಲಿ ವಾಹನಗಳು ಇದ್ದಕ್ಕಿದ್ದಂತೆ ಸಾಲುಗಟ್ಟಿ ನಿಂತರೆ ಅದಕ್ಕಿರುವ ಅರ್ಥ ಒಂದೇ.

“ಬಂತು ಕಣ್ರಪ್ಪಾ! ಕಿಟ್ಕಿ ಮುಚ್ಚಿ!” ಎಂದರು ಚಾಮರಾಜನಗರದ ಅರಿಸಿನ ವ್ಯಾಪಾರಿ.

ಕಿಟಕಿಗಳು ಮುಚ್ಚಿದವು. ಬಾಳೆಹಣ್ಣಿನ ಚಿಪ್ಪುಗಳು ಆಸನಗಳ ಕೆಳಗೆ ಸೇರಿದವು. ಎಲ್ಲರೂ ತಲೆ ತಗ್ಗಿಸಿ, ಉಸಿರು ಬಿಗಿಹಿಡಿದು ಕುಳಿತರು. ಹೊರಗಿನಿಂದ ಇದನ್ನು ಕಂಡ ಸೈನಿಕನೊಬ್ಬ ಬಂದೂಕು ಸಮೇತ ಬಸ್ಸು ಹತ್ತಿದ.

“ಏನನ್ನು ಬಚ್ಚಿಟ್ಟಿರಿ?”

ಕಾನ್ವೆಂಟಿನ ಸಿಸ್ಟರುಗಳು ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ ಹಿಂದಿ ಆ ಬಸ್ಸಿನಲ್ಲಿ ನನ್ನೊಬ್ಬಳಿಗೇ ಬರುತ್ತಿತ್ತು.

“ಬಾಳೆಹಣ್ಣು,” ಎಂದೆ.

“ಯಾರಿಗೆ ಕಾಣದಿರಲೆಂದು?”

“ಆನೆಗೆ.”

ಆತ ಪ್ರತಿಯೊಂದು ಆಸನದ ಕೆಳಗೂ ಬಗ್ಗಿ ನೋಡಿದ. ಎಲ್ಲೆಡೆಯೂ ಬಾಳೆಹಣ್ಣೇ ಇತ್ತು. “ಮಾತಾಜಿ, ಇಲ್ಲಿ ಆನೆಗಳಿಲ್ಲ,” ಎಂದ. ಅದನ್ನು ಕನ್ನಡದಲ್ಲಿ ಎಲ್ಲರಿಗೂ ತಿಳಿಸಿದೆ.

ವ್ಯಾಪಾರಿ ತಲೆಯೆತ್ತಿದರು. “ಆನೆ ಇಲ್ವಾ? ಮತ್ತೆ ಇಷ್ಟೊಂದ್ ಜನ ಬಂದೂಕ ಹಿಡ್ಕಂಡು ಯಾರ್ಗೆ ಹೆದ್ರಿ ನಿಂತವ್ರೆ, ಒಸಿ ಕೇಳಿ ಮೇಡಂ.”

ಅದನ್ನು ನಾನು ಹಿಂದಿಗೆ ಅನುವಾದಿಸಲಿಲ್ಲ.

ಪ್ರದಕ್ಷಿಣೆ

ಸೂರ್ಯದೇವಾಲಯದ ಅವಶೇಷಗಳು ಬಹಳ ಭವ್ಯವಾಗಿವೆ. ಆದರೆ ಅಲ್ಲಿ ಮೂರ್ತಿಯಿಲ್ಲ, ಅರ್ಚಕರಿಲ್ಲ, ತೀರ್ಥವಿಲ್ಲ. ಹೂವಿನ ಬುಟ್ಟಿ ಹಿಡಿದು ಬಂದ ನಮ್ಮ ಹೆಂಗಸರಿಗೆ ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಅರಿಸಿನ ವ್ಯಾಪಾರಿ ಬಲಗೈಯನ್ನು ಆಕಾಶಕ್ಕೆತ್ತಿ ಕಂಬಗಳ ಸುತ್ತ ಗಂಭೀರವಾಗಿ ನಡೆಯತೊಡಗಿದರು. ಹಂಗಳದವಳು ತಾನೂ ಕೈಯೆತ್ತಿ ಹಿಂದೆ ನಡೆದಳು. ಉಳಿದವರು ಅವಳನ್ನು ಅನುಸರಿಸಿದರು. ಅಲ್ಲಿ ನಿಂತಿದ್ದ ವಿದೇಶೀಯರಿಬ್ಬರು ಬಹಳ ಗೌರವದಿಂದ ಚಿತ್ರ ತೆಗೆದುಕೊಂಡರು.

ಎರಡು ಸುತ್ತು ಮುಗಿದ ಮೇಲೆ ವ್ಯಾಪಾರಿ ತಿರುಗಿ ನೋಡಿ ಬೆಚ್ಚಿದರು.

“ಯಾಕ್ರವ್ವಾ ಎಲ್ಲಾ ನನ್ ಹಿಂದೆ ಬಿದ್ದಿದ್ದೀರಿ?”

“ನೀವು ಯಾಕ್ ಸುತ್ತಾ ಇದ್ದೀರಿ ಸಾವ್ಕಾರ್ರೆ?” ಎಂದಳು ಹಂಗಳದವಳು.

ಅವರು ಎತ್ತಿದ ಕೈಯನ್ನು ಇಳಿಸಿ ಅದರಲ್ಲಿದ್ದ ಮೊಬೈಲನ್ನು ತೋರಿಸಿದರು. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ಮು ಆ ಸೀಮೆಯಲ್ಲಿ ನಡೆಯುವುದಿಲ್ಲವೆಂದು ಹೊರಡುವ ಮುನ್ನವೇ ಹೇಳಿದ್ದರೂ ನಂಬಿರಲಿಲ್ಲ. “ನೆಟ್‌ವರ್ಕ್ ಹುಡುಕ್ತಿದ್ದೆ ಕಣವ್ವ. ಸಿಕ್ನಿಲ್ಲ.”

“ನಮ್ಗೂ ದೇವ್ರು ಸಿಕ್ನಿಲ್ಲ ಬುಡಿ,” ಎಂದು ಆಕೆ ಹೂವನ್ನೆಲ್ಲ ಅವರ ಕೈಗೇ ಸುರಿದಳು.

ದೋಣಿಯವನ ಕನಿಕರ

ಸರೋವರದಲ್ಲಿ ದೋಣಿ ನಡೆಸುವ ವೃದ್ಧ ನಮ್ಮ ಊರಿನ ಬಗ್ಗೆ ಕೇಳಿದ. ಇದ್ದದ್ದನ್ನು ಹೇಳಿದೆ. ಕತ್ತಲಾದರೆ ಕಾಡಿನ ಹೆದ್ದಾರಿಯನ್ನು ಮುಚ್ಚುತ್ತಾರೆ. ಹೊಲಕ್ಕೆ ಆನೆ ನುಗ್ಗುತ್ತದೆ. ಹಟ್ಟಿಯ ಹಸುವನ್ನು ಹುಲಿ ಹೊಡೆಯುತ್ತದೆ. ಚಿರತೆ ಶಾಲೆಯ ಬಳಿ ಕಾಣಿಸಿಕೊಂಡರೆ ಮಕ್ಕಳಿಗೆ ರಜೆ.

ಆತ ಹುಟ್ಟು ಹಾಕುವುದನ್ನು ನಿಲ್ಲಿಸಿದ. ಕಣ್ಣಂಚು ಒದ್ದೆಯಾಗಿತ್ತು.

“ಅಮ್ಮಾ, ಅಲ್ಲಿ ಮನುಷ್ಯರು ಬದುಕುವುದು ಹೇಗೆ? ಮಕ್ಕಳುಮರಿ ಕಟ್ಟಿಕೊಂಡು ಇಲ್ಲಿಗೇ ಬಂದುಬಿಡಿ. ಇಲ್ಲಿ ಏನಿದ್ದರೂ ಮನುಷ್ಯರದ್ದೇ ಕಾಟ.”

ಬೆಟ್ಟದ ಬುಡದಲ್ಲಿ

ಕೊನೆಗೆ ಹಂಗಳದವಳ ಮಗ ಕಾವಲಿದ್ದ ಆ ಬೆಟ್ಟ ಬಂತು. ದಾರಿಯುದ್ದಕ್ಕೂ ತಪಾಸಣೆಯವರು ಹಂಗಳದ ಕಾಯನ್ನು ಒತ್ತಿದ್ದರು, ಕುಲುಕಿದ್ದರು, ಕಿವಿಗಿಟ್ಟು ಆಲಿಸಿದ್ದರು. ಇಲ್ಲಿಯ ಹವಾಲ್ದಾರ ಮಾತ್ರ ಬಿಡಲಿಲ್ಲ. ಒಳಗೇನಿದೆಯೆಂದು ಕಾಣದ ವಸ್ತು ಮೇಲಕ್ಕೆ ಹೋಗುವಂತಿಲ್ಲ, ಅದೇ ನಿಯಮ ಎಂದ.

ಆಕೆ ಗೇಟಿನ ನಡುವೆಯೇ ನೆಲಕ್ಕೆ ಕುಳಿತಳು. “ನನ್ ಮಗ ಇದೇ ಜಾಗ್ದಲ್ಲಿ ಚಳೀಲಿ ನಿಂತಿದ್ದ. ಅವ್ನ ಹರಕೆಗೆ ಗೇಟ್ ಹಾಕ್ತೀರಾ? ಕಾಯಿ ಒಡೀದೆ ನಾನು ಮನೆಗೋಗಕಿಲ್ಲ. ಮದ್ವೆ ಮುರುದ್ರೆ ಇವ್ರ ಮನೆ ಹೆಣ್ಣು ಕೊಟ್ಟಾರಾ, ಕೇಳಿ!”

ಕೊನೆಯ ವಾಕ್ಯವನ್ನು ಬಿಟ್ಟು ಉಳಿದದ್ದನ್ನು ಹಿಂದಿಯಲ್ಲಿ ಹೇಳಿದೆ. ಹವಾಲ್ದಾರ ಮೆತ್ತಗಾದ. ಇಲ್ಲಿಯೇ ಒಡೆದು ತೋರಿಸಿದರೆ ಹೋಳುಗಳನ್ನು ಬಿಡಬಹುದು ಎಂದ.

“ಒಡದ್ ಕಾಯ ದೇವ್ರ ಮುಂದೆ ಇಡಕಾದದಾ?”

ಆಗ ಅರಿಸಿನ ವ್ಯಾಪಾರಿ ಮುಂದೆ ಬಂದರು. “ಅವ್ವಾ, ಬೆಟ್ಟ ಪೂರಾ ಶಿವನೇ. ಬುಡ್ದಲ್ಲಿ ಒಡುದ್ರೇನು, ತುದೀಲಿ ಒಡುದ್ರೇನು?” ತತ್ತ್ವ ಉನ್ನತವಾದುದು. ಮೆಟ್ಟಿಲು ಹತ್ತಲಾಗದಷ್ಟು ಮಂಡಿನೋವು ಅವರಿಗಿತ್ತೆಂಬುದೂ ನಿಜ.

ಆಕೆ ಯೋಚಿಸಿದಳು. “ಸರಿ. ಆದ್ರೆ ಈವಯ್ನೇ ಒಡೀಲಿ. ನನ್ ಮಗನ ಜಾಗ್ದಲ್ಲಿ ನಿಂತವ್ನೆ.”

ಹವಾಲ್ದಾರ ಬೂಟು ಕಳಚಿದ. ಮರಳುಚೀಲಗಳ ಹಿಂದಿದ್ದವರೂ ಎದ್ದು ನಿಂತರು. ಎಲ್ಲರೂ ಬೆಟ್ಟದತ್ತ ಕೈಮುಗಿದೆವು. ಆತ ಕಾಯನ್ನು ಕಲ್ಲಿಗೆ ಬಡಿದ.

ಕಪ್ಪು ನೀರು ಚಿಮ್ಮಿ ಆತನ ಸಮವಸ್ತ್ರಕ್ಕೆ ಬಿತ್ತು. ನಾರಿದ ದುರ್ವಾಸನೆಗೆ ತಪಾಸಣೆಯ ನಾಯಿಯೇ ಹಗ್ಗ ಎಳೆದುಕೊಂಡು ಹಿಂದೆ ಸರಿಯಿತು. ಕಾಯಿ ಪೂರ್ತಿ ಕೊಳೆತಿತ್ತು.

ಹರಕೆಯ ಕಾಯಿ ಕೆಟ್ಟಿತೆಂದರೆ ಅದರ ಅರ್ಥವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಆಕೆ ಹೋಳುಗಳನ್ನು ದಿಟ್ಟಿಸಿದಳು, ಮೂಗು ಮುಚ್ಚಿಕೊಂಡಿದ್ದ ಹವಾಲ್ದಾರನನ್ನು ದಿಟ್ಟಿಸಿದಳು, ಮುಖ ನಿಧಾನವಾಗಿ ಅರಳಿತು.

“ನೋಡುದ್ರಾ! ನನ್ ಮಗನ್ ಕಂಟಕ ಎಲ್ಲಾ ಇದ್ರೊಳ್ಗೇ ಸೇರ್ಕಂಡಿತ್ತು. ಈಗ ಪೂರಾ ಈವಯ್ನ ಮೈಮೇಲೆ ಓಯ್ತು.” ಮರುಕ್ಷಣವೇ ಆಕೆಗೆ ಮನಸ್ಸಾಕ್ಷಿ ಚುಚ್ಚಿತು. “ಅಯ್ಯೋ, ಪಾಪ! ಈವಯ್ನಿಗೆ ಮದ್ವೆ ಆಗದಾ, ಕೇಳ್ರಮ್ಮ?”

ಕೇಳಿದೆ. ಆಗಿದೆ, ಇಬ್ಬರು ಮಕ್ಕಳು ಎಂದ.

“ಹಂಗಾರೆ ಬುಡಿ,” ಎಂದು ಆಕೆ ಸೆರಗು ಕೊಡವಿ ಎದ್ದಳು. “ಅವನ್ಗೆ ಆಗೋದೆಲ್ಲಾ ಆಗೋಗದೆ.”