ಬಾಮೈದನಿಗೆ ನಿದ್ದೆ ಬರುತ್ತಿಲ್ಲ

ಮನೋರೋಗ ವಿಭಾಗದ ನರ್ಸ್ ಕೆಲಸದಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರಿದ್ದಾರೆ. ನಾನಾಗಿ ಅದನ್ನು ಹುಡುಕಿಕೊಂಡು ಹೋದವನಲ್ಲ. ವಾರಕ್ಕೊಂದರಂತೆ ಅದೇ ಬಂದು ನಮ್ಮ ಬೆಂಚಿನ ಮೇಲೆ ಕೂರುತ್ತಿತ್ತು. ಒಳಗೆ ಕೇಳಿದ್ದನ್ನು ಹೊರಗೆ ಹೇಳುವ ಅಭ್ಯಾಸ ನನಗಿಲ್ಲ. ಇಲ್ಲಿ ಬರುವವರು ತಮ್ಮ ಕಥೆಯನ್ನು ತಾವೇ ಹೇಳಿಕೊಂಡು ತಿರುಗುತ್ತಾರೆ, ಆದ್ದರಿಂದ ಬರೆಯುತ್ತಿದ್ದೇನೆ.

ಸಿಸ್ಟರಣ್ಣ

ತೊಂಬತ್ತರ ದಶಕದ ಕೊನೆಯ ಮಾತು. ತುಮಕೂರಿನ ಆಸ್ಪತ್ರೆಯೊಂದರಿಂದ ಮಂಗಳವಾರ ಗುಬ್ಬಿಗೆ, ಶುಕ್ರವಾರ ಕುಣಿಗಲ್ಲಿಗೆ ಒಂದು ಜೀಪು ಹೋಗುತ್ತಿತ್ತು. ಅದರಲ್ಲಿ ಮನೋವೈದ್ಯೆ ಮೇಡಂ, ನಾನು, ಡ್ರೈವರು ಮತ್ತು ಒಂದು ಪೆಟ್ಟಿಗೆ ಮಾತ್ರೆ. ಎರಡು ಊರಿನಲ್ಲೂ ಒಂದೊಂದು ಕೋಣೆ, ಒಂದೊಂದು ಬೆಂಚು. ಅದಕ್ಕೆ ಮೊದಲು ಈ ಕಡೆಯ ಹಳ್ಳಿಗಳವರು ಇಂಥ ಮಾತ್ರೆಗೆ ಬೆಂಗಳೂರಿಗೆ ಹೋಗಬೇಕಿತ್ತು. ಬಹಳ ಜನ ಹೋಗುತ್ತಲೇ ಇರಲಿಲ್ಲ.

ಬಿಳಿ ಬಟ್ಟೆ ತೊಟ್ಟ ಗಂಡಸು ಎಂದರೆ ಡಾಕ್ಟರು, ಇಲ್ಲವಾದರೆ ಕಾಂಪೌಂಡರು ಎಂದು ಆಗ ಎಲ್ಲರ ತಿಳಿವಳಿಕೆ. ಗುಬ್ಬಿಯಲ್ಲಿ ಮೊದಲ ಮಂಗಳವಾರ ಒಬ್ಬ ಅಜ್ಜಿ ನನ್ನನ್ನು ಯಾರೆಂದು ವಿಚಾರಿಸಿದರು. ಡಾಕ್ಟರಲ್ಲ ಎಂದೆ. ಕಾಂಪೌಂಡರೂ ಅಲ್ಲ ಎಂದೆ. ನರ್ಸು ಎಂದೆ. ಅಜ್ಜಿ ನನ್ನ ಮೀಸೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬೆಂಚಿನ ಕಡೆ ತಿರುಗಿ ತೀರ್ಪು ಕೊಟ್ಟರು.

"ಇವ್ರು ಸಿಸ್ಟರಣ್ಣ ಕಣ್ರೋ."

ಅಲ್ಲಿಂದ ಮುಂದೆ ಎರಡು ತಾಲ್ಲೂಕಿಗೂ ನಾನು ಸಿಸ್ಟರಣ್ಣನೇ. ಆ ಹೆಸರಿಗೆ ಮದುವೆಯ ಕಾಗದಗಳು ಬಂದಿವೆ. ನನ್ನ ಹೆಂಡತಿ ಇಂದಿಗೂ ಅವುಗಳನ್ನು ಎತ್ತಿಟ್ಟಿದ್ದಾಳೆ, ನೆಂಟರು ಬಂದಾಗ ತೋರಿಸಲು.

ಬೇರೆಯವರ ಕಾಯಿಲೆ

ನಮ್ಮ ಬೆಂಚಿಗೆ ಒಂದು ಪದ್ಧತಿಯಿತ್ತು. ಅದರ ಮೇಲೆ ಕೂತವರಲ್ಲಿ ಯಾರಿಗೂ ಕಾಯಿಲೆ ಇರುತ್ತಿರಲಿಲ್ಲ. ಒಬ್ಬರ ಅತ್ತಿಗೆಗೆ ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಇನ್ನೊಬ್ಬರ ಪಕ್ಕದ ಮನೆಯವನಿಗೆ ಯಾರೋ ಕೂಗಿದ ಹಾಗೆ ಕೇಳಿಸುತ್ತಿತ್ತು. ತಲೆ ಡಾಕ್ಟರ ಹತ್ತಿರ ತನಗಾಗಿ ಬಂದೆ ಎಂದು ಹೇಳಿಕೊಳ್ಳುವಷ್ಟು ಧೈರ್ಯ ಆ ಎರಡೂ ಊರಿನಲ್ಲಿ ಯಾರಿಗೂ ಇರಲಿಲ್ಲ.

ಗುಬ್ಬಿ ಪೇಟೆಯಲ್ಲಿ ಟ್ರಂಕಿನ ಅಂಗಡಿ ಇಟ್ಟಿದ್ದ ಭಾಯಿ ಒಬ್ಬರು ಹೀಗೆಯೇ ಬಂದರು. ಅವರ ಬಾಮೈದನಿಗೆ ನಿದ್ದೆ ಬರುತ್ತಿಲ್ಲವಂತೆ. ಊಟ ಸೇರುವುದಿಲ್ಲವಂತೆ, ಗಿರಾಕಿ ಬಂದರೂ ಮಾತಾಡಲು ಮನಸ್ಸಿಲ್ಲವಂತೆ. ಹೇಳುವವರ ಕಣ್ಣ ಕೆಳಗೆ ಮಸಿ ಬಳಿದ ಹಾಗಿತ್ತು. ನಾನು ಬಾಮೈದನ ತೂಕ ಕೇಳಿದೆ. ಭಾಯಿ ಚಪ್ಪಲಿ ಬಿಟ್ಟು ತೂಕದ ಮೆಷಿನ್ ಹತ್ತಿ ನಿಂತರು. ಬಿ.ಪಿ. ಎಷ್ಟಿರಬಹುದು ಎಂದೆ. ಅಂಗಿಯ ತೋಳು ಮೇಲಕ್ಕೆ ಮಡಚಿದರು.

"ಅವನ್ದೂ ಇಷ್ಟೇ ಇರತ್ತೆ, ಬರ್ಕೊಳಿ."

ಮೇಡಂ ಅರ್ಧ ಗಂಟೆ ಬಾಮೈದನ ಜೊತೆ ಮಾತಾಡಿ ಮಾತ್ರೆ ಬರೆದರು. ಮೂರು ವಾರದ ಮೇಲೆ ಭಾಯಿ ನಗುತ್ತಾ ಬಂದು, ಅವನಿಗೆ ಈಗ ನಿದ್ದೆ ಚೆನ್ನಾಗಿ ಬರುತ್ತಿದೆ ಎಂದು ವರದಿ ಕೊಟ್ಟರು. ಅದು ನಿಮಗೆ ಹೇಗೆ ಗೊತ್ತು ಎಂದು ಮೇಡಂ ಕೇಳಿದ್ದಕ್ಕೆ, ತಾನು ಪಕ್ಕದಲ್ಲೇ ಇದ್ದೆನಲ್ಲ ಎಂದರು.

ಅದೇ ತಿಂಗಳು ನಿಜವಾದ ಬಾಮೈದ ಬಂದು ಬೆಂಚಿನ ಮೇಲೆ ಕೂತ. ಅವನ ಭಾವನಿಗೆ ಯಾಕೋ ಎದೆ ಡವಡವ ಅನ್ನುತ್ತಿತ್ತಂತೆ.

ನೆಂಟರ ರಿಜಿಸ್ಟರು

ಇಲ್ಲಿ ತಪ್ಪು ನನ್ನದು. ರಿಜಿಸ್ಟರಿನಲ್ಲಿ 'ಸ್ವತಃ' ಎಂದೊಂದು ಕಾಲಂ, 'ಬೇರೆಯವರ ಪರವಾಗಿ' ಎಂದೊಂದು ಕಾಲಂ ಇತ್ತು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ನಾನು ಬರೆದುಕೊಂಡು ಹೋಗಿದ್ದೆ.

ಜೀಪು ಯಾರ ಸುಪರ್ದಿನಲ್ಲಿತ್ತೋ ಆ ಸಾಹೇಬರು ತುಮಕೂರಿನಲ್ಲಿ ಒಂದು ದಿನ ರಿಜಿಸ್ಟರು ತರಿಸಿಕೊಂಡರು. ಮಾತಿನಲ್ಲಿ ಬಿಗಿ, ಕೆಲಸದಲ್ಲಿ ಇನ್ನೂ ಬಿಗಿ. ಪುಟ ತಿರುವಿದರು, ಮತ್ತೆ ಮೊದಲಿನಿಂದ ತಿರುವಿದರು.

"ಏನ್ರೀ ಇದು, ಬರೀ ನೆಂಟ್ರೇ ಇದಾರೆ. ಪೇಷೆಂಟ್ ಎಲ್ರೀ?"

ಮೇಡಂ ಪದ್ಧತಿಯನ್ನು ವಿವರಿಸಿದರು. ಹಾಗಾದರೆ ರಿಜಿಸ್ಟರಿನಲ್ಲಿ ಬರೆದದ್ದು ಸುಳ್ಳೇ ಎಂದು ಸಾಹೇಬರು ಕೇಳಿದರು. ನಾವು ಹೌದು ಎಂದರೂ ಸಿಕ್ಕಿಬೀಳುತ್ತಿದ್ದೆವು, ಅಲ್ಲ ಎಂದರೂ ಸಿಕ್ಕಿಬೀಳುತ್ತಿದ್ದೆವು. ಕೊನೆಗೆ ಮೂರು ತಿಂಗಳ ಗಡುವು ಸಿಕ್ಕಿತು. ಈ ಓಡಾಟದಿಂದ ಯಾರಿಗಾದರೂ ಉಪಯೋಗವಾಗಿದೆ ಎಂದು ಕಾಗದದ ಮೇಲೆ ತೋರಿಸಬೇಕು. ತೋರಿಸದಿದ್ದರೆ ಜೀಪು ನಿಲ್ಲುತ್ತದೆ. ಜೀಪು ನಿಂತರೆ ಎರಡೂ ಬೆಂಚು ಖಾಲಿ.

ಮೇಡಂ ಸಂಶೋಧನೆ ಮಾಡೋಣ ಎಂದರು. ಮನಸ್ಸಿನ ನೆಮ್ಮದಿಯ ಬಗ್ಗೆ ಇಪ್ಪತ್ತು ಪ್ರಶ್ನೆ ಕನ್ನಡದಲ್ಲಿ ಬರೆದೆವು. ನಮ್ಮಲ್ಲಿ ಮಾತ್ರೆ ತೆಗೆದುಕೊಳ್ಳುವ ಮೂವತ್ತು ಮನೆಗಳಿಗೆ ಹೋಗಿ ರೋಗಿಯನ್ನೂ, ನೋಡಿಕೊಳ್ಳುವವರನ್ನೂ ಕೇಳುವುದು. ಮೂರು ತಿಂಗಳ ಕೊನೆಗೆ ಮತ್ತೆ ಕೇಳುವುದು. ಹೋಲಿಸಿ ನೋಡಲು ಏನೂ ತೊಂದರೆ ಇಲ್ಲದ ಮೂವತ್ತು ಜನರನ್ನೂ ಕೇಳುವುದು.

ಡ್ರೈವರು ಎಲ್ಲವನ್ನೂ ಕೇಳಿಸಿಕೊಂಡು, ಮೊದಲನೇ ಮೂವತ್ತು ಸಿಗುತ್ತಾರೆ ಎಂದ. ಎರಡನೆಯ ಮೂವತ್ತರ ಬಗ್ಗೆ ಅವನಿಗೆ ಆಗಲೇ ಅನುಮಾನವಿತ್ತು.

ಇನ್ನೊಂದ್ ಇಪ್ಪತ್ತು

ಸಿ.ಎಸ್. ಪುರದ ಕಡೆ ಒಂದು ಮನೆ. ಗಂಡ ನಮ್ಮ ಮಾತ್ರೆಯಿಂದ ಚೇತರಿಸಿಕೊಂಡು ರಾಗಿ ಹೊಲಕ್ಕೆ ಹೋಗತೊಡಗಿದ್ದ. ಎರಡು ವರ್ಷ ಅವನನ್ನು ನೋಡಿಕೊಂಡವಳು ಹೆಂಡತಿ. ನನಗೆ ಬೇಕಾಗಿದ್ದದ್ದು ಆಕೆಯ ಉತ್ತರ. ಆದರೆ ನಡುಮನೆಯಲ್ಲಿ ಅತ್ತೆ ಕೂತಿದ್ದರು.

ಬೆಳಿಗ್ಗೆ ಎದ್ದಾಗ ಈ ದಿನ ಕಳೆಯುತ್ತೇನೆ ಎಂಬ ಧೈರ್ಯ ಇರುತ್ತದೆಯೇ ಎಂದು ಕೇಳಿದೆ. ಸೊಸೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಉತ್ತರ ಕೊಟ್ಟಾಗಿತ್ತು. ಮನಸ್ಸಿಗೆ ಬೇಜಾರಾದರೆ ಹೇಳಿಕೊಳ್ಳಲು ಯಾರಾದರೂ ಇದ್ದಾರೆಯೇ ಎಂದೆ.

"ನಾನಿಲ್ವಾ? ಚೆನ್ನಾಗವ್ಳೆ ಅಂತ ಬರ್ಕೊ, ಸಿಸ್ಟರಣ್ಣ."

ಸೊಸೆ ನೆಲ ನೋಡುತ್ತಿದ್ದಳು. ನನಗೆ ಒಂದು ಉಪಾಯ ಹೊಳೆಯಿತು. ನಿಮ್ಮದೂ ಒಂದು ಹಾಳೆ ತುಂಬಬೇಕಮ್ಮ, ನೀವು ಹೊರಗೆ ಜಗಲಿಗೆ ಬನ್ನಿ, ನಿಮ್ಮನ್ನು ಮೊದಲು ಕೇಳುತ್ತೇನೆ ಎಂದೆ. ಮೊದಲು ಎಂಬ ಮಾತಿಗೆ ಅವರು ಎದ್ದು ಬಂದರು.

ಒಂದನೇ ಪ್ರಶ್ನೆಗೆ ಮದುವೆಯಾದ ವರ್ಷದಿಂದ ಶುರುಮಾಡಿದರು. ಮೂರನೆಯದಕ್ಕೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಒಂಬತ್ತನೆಯದಕ್ಕೆ ನಕ್ಕರು. ನಡುವೆ ಸೊಸೆ ಎರಡು ಸಲ ಕಾಫಿ ಕೊಟ್ಟು, ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಬಿಸಿಲು ಜಗಲಿಯಿಂದ ಇಳಿಯುವ ಹೊತ್ತಿಗೆ ಇಪ್ಪತ್ತೂ ಮುಗಿದವು. ಅರವತ್ತು ವರ್ಷದಲ್ಲಿ ನೀನು ಹೇಗಿದ್ದೀಯ ಎಂದು ಅವರನ್ನು ಯಾರೂ ಕೇಳಿರಲಿಲ್ಲವಂತೆ.

"ಇಷ್ಟೇನಾ? ಮುಂದಿನ್ ಸಲ ಇನ್ನೊಂದ್ ಇಪ್ಪತ್ತು ಜಾಸ್ತಿ ಬರ್ಕೊಂಡ್ ಬಾ."

ಹೊರಡುವ ಮೊದಲು ಸೊಸೆಯ ಹಾಳೆಯನ್ನೂ ಅವಳ ಬಾಯಿಂದಲೇ ತುಂಬಿಕೊಂಡೆ. ಗಡುವಿಗೆ ಮುಂಚೆ ಎರಡನೇ ಸಲ ಹೋದಾಗ ಅತ್ತೆ ಸೊಸೆಯನ್ನು ಕರೆದು ತಾವೇ ಜಗಲಿಯ ಮೇಲೆ ಕೂರಿಸಿದರು. ಅವಳದ್ದು ಅವಳೇ ಹೇಳಬೇಕು, ಯಾರೂ ನಡುವೆ ಬಾಯಿ ಹಾಕಬಾರದು ಎಂದು ಮನೆಯವರಿಗೆಲ್ಲ ಕಟ್ಟಪ್ಪಣೆ ಮಾಡಿದರು. ಆಮೇಲೆ ಅವಳ ಪಕ್ಕದಲ್ಲೇ ಕೂತು, ಇಪ್ಪತ್ತು ಪ್ರಶ್ನೆಗೂ ಒಂದು ಮಾತಾಡದೆ ತಲೆ ಮಾತ್ರ ಅಲ್ಲಾಡಿಸಿದರು.

ತೊಂದರೆ ಇಲ್ಲದವರು

ಡ್ರೈವರಿನ ಅನುಮಾನ ನಿಜವಾಯಿತು. ಕುಣಿಗಲ್ ಬಸ್ ನಿಲ್ದಾಣದ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದವರೊಬ್ಬರನ್ನು ಕೇಳಿದೆ. ತನಗೇನು ಹುಚ್ಚೇ ಎಂದರು. ಇಲ್ಲ, ಅದಕ್ಕೇ ನೀವು ಬೇಕು ಎಂದೆ.

"ಹುಚ್ಚಿಲ್ಲ ಅಂದ್ಮೇಲೆ ನಾನ್ಯಾಕ್ರೀ ಬರ್ಲಿ?"

ಅವರ ಟೀಗೂ ನಾನೇ ದುಡ್ಡು ಕೊಟ್ಟು ಹೊರಬಿದ್ದೆ.

ಒಂದೂವರೆ ತಿಂಗಳಲ್ಲಿ ಸಿಕ್ಕವರು ನಾಲ್ಕೇ ಜನ. ನಾಲ್ಕನೆಯವರು ಹುಲಿಯೂರುದುರ್ಗದ ಕಡೆಯ ಒಬ್ಬ ಗೊಬ್ಬರದ ಅಂಗಡಿಯವರು. ಎಲ್ಲಾ ಪ್ರಶ್ನೆಗೂ ಉತ್ತರಿಸಿ, ಬಂದದ್ದಕ್ಕೆ ಗುರುತಾಗಿ ಒಂದು ಚೀಟಿ ಕೇಳಿದರು. 'ಇವರು ನಮ್ಮ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ' ಎಂದು ಬರೆದು ಸೀಲು ಒತ್ತಿ ಕೊಟ್ಟೆ.

ಅವರು ಹಾಲಿನ ಸೊಸೈಟಿಯ ಚುನಾವಣೆಗೆ ನಿಂತಿದ್ದರೆಂದು ನನಗೆ ಗೊತ್ತಿರಲಿಲ್ಲ. ಹಾಲು ಹಾಕಲು ಬಂದವರ ಮುಂದೆ ಚೀಟಿ ಹಿಡಿದು, ತನ್ನ ತಲೆ ಸರಿಯಿದೆ ಎಂದು ಆಸ್ಪತ್ರೆಯವರೇ ಸೀಲು ಹಾಕಿ ಕೊಟ್ಟಿದ್ದಾರೆ ಎಂದು ಸಾರಿದರಂತೆ. ಆಮೇಲೆ ಎದುರಾಳಿಯ ಕಡೆ ತಿರುಗಿದರಂತೆ.

"ನನ್ ಹತ್ರ ಲೆಟ್ರೈತೆ ಕಣ್ಲಾ. ನಿನ್ ಹತ್ರ ಐತಾ?"

ಮುಂದಿನ ಶುಕ್ರವಾರ ಮೊದಲನೇ ಬಸ್ಸಿನಿಂದ ಎದುರಾಳಿ ಇಳಿದ. ಅವನ ಹಿಂದೆ ಉಳಿದ ಅಭ್ಯರ್ಥಿಗಳು, ಅವರ ಹಿಂದೆ ಸೂಚಕರು, ಅನುಮೋದಕರು. ನಮ್ಮ ಬೆಂಚು ಹುಟ್ಟಿದ ಮೇಲೆ ಮೊದಲ ಸಲ ಜನ ಅದರ ಮೇಲೆ ಕೂರಲು ನೂಕಾಡಿದರು. ಎರಡು ಶುಕ್ರವಾರದಲ್ಲಿ ಇಪ್ಪತ್ತೊಂಬತ್ತಾಯಿತು. ಅಷ್ಟರಲ್ಲಿ ಮೇಡಂ ವಿಷಯ ತಿಳಿದು ಚೀಟಿ ನಿಲ್ಲಿಸಿದರು. ಚೀಟಿ ನಿಂತ ಕೂಡಲೇ ಜನ ಬರುವುದೂ ನಿಂತಿತು.

ಚುನಾವಣೆ ಮುಗಿದ ವಾರ ಸೋತವನು ಮತ್ತೆ ಬಂದ. ಓಟು ಹಾಕಿದವರನ್ನೆಲ್ಲ ಒಂದು ಸಲ ಪರೀಕ್ಷೆ ಮಾಡಿ ಎಂದು ಕೇಳಿಕೊಂಡ.

ಮೂವತ್ತನೆಯವರು

ಗಡುವಿನ ದಿನ ಸಾಹೇಬರು ಗುಬ್ಬಿಗೇ ಬಂದರು. ಬೆಂಚು ತುಂಬಿತ್ತು. ಮೇಡಂ ವರದಿ ಮುಂದಿಟ್ಟರು. ಮೂವತ್ತು ಮನೆಗಳ ಉತ್ತರಗಳು ಮೂರು ತಿಂಗಳಲ್ಲಿ ಒಳ್ಳೆಯದರ ಕಡೆ ಸರಿದಿದ್ದವು. ಸಾಹೇಬರು ಅದನ್ನು ಓದಿ, ಎರಡನೇ ಪಟ್ಟಿಗೆ ಬಂದು ಬೆರಳಿಟ್ಟರು. ಒಬ್ಬರು ಕಡಿಮೆ ಇದ್ದಾರೆ. ಅರ್ಧಂಬರ್ಧ ವರದಿಯನ್ನು ತಾನು ಮೇಲಕ್ಕೆ ಕಳಿಸುವುದಿಲ್ಲ ಎಂದರು. ತೊಂದರೆ ಇಲ್ಲದವರು ಸಿಗುವುದು ಕಷ್ಟ ಎಂದು ನಾನು ಹೇಳಿದೆ.

"ಅದೇನ್ರೀ ಕಷ್ಟ? ನನ್ನನ್ನೇ ಬರ್ಕೊಳ್ರೀ."

ಹಾಳೆ ಕೊಟ್ಟೆ. ಗೋಡೆಯ ಕಡೆ ಮುಖ ಮಾಡಿ ಕೂತರು. ಮೊದಲ ಮೂರು ಪ್ರಶ್ನೆಗೆ ಪೆನ್ನು ಸರಸರ ಓಡಿತು. ನಾಲ್ಕನೆಯದರಲ್ಲಿ ನಿಂತಿತು. ಬೆಳಿಗ್ಗೆ ಎದ್ದಾಗ ನಿದ್ದೆ ಮಾಡಿದೆ ಅನ್ನಿಸುತ್ತದೆಯೇ ಎಂಬುದು ನಾಲ್ಕನೇ ಪ್ರಶ್ನೆ. ಆಮೇಲೆ ಪೆನ್ನು ಬಹಳ ನಿಧಾನವಾಗಿ ನಡೆಯಿತು. ಮನುಷ್ಯ ಪ್ರಾಮಾಣಿಕ, ಸುಳ್ಳು ಬರೆಯಲು ಕೈ ಬರಲಿಲ್ಲ ಎಂದು ತೋರುತ್ತದೆ. ಮುಗಿಸಿ, ಹಾಳೆಯನ್ನು ನಾಲ್ಕಾಗಿ ಮಡಚಿ ತಮ್ಮ ಜೇಬಿಗೇ ಹಾಕಿಕೊಂಡು ಎದ್ದರು. ಜೀಪಿನ ವಿಷಯ ಏನೂ ಹೇಳಲಿಲ್ಲ. ಕಾರು ಹೊರಟುಹೋಯಿತು. ಡ್ರೈವರು ಜೀಪಿನ ಬಾನೆಟ್ ಮೇಲೆ ಕೈಯಾಡಿಸಿ, ಇದು ಕೊನೆಯ ಮಂಗಳವಾರ ಎಂದ.

ಮುಂದಿನ ಮಂಗಳವಾರ ಆದೇಶ ಬಂದಿರಲಿಲ್ಲವಾದ್ದರಿಂದ ನಾವು ಹೋದೆವು. ಹನ್ನೊಂದರ ಹೊತ್ತಿಗೆ ನೋಡುತ್ತೇನೆ, ಸಾಹೇಬರು ಬೆಂಚಿನ ಮೇಲಿದ್ದಾರೆ. ಕಾರಿಲ್ಲ. ಬಸ್ಸಿನಲ್ಲಿ ಬಂದು, ಸರದಿಯಲ್ಲಿ ಟ್ರಂಕಿನ ಅಂಗಡಿ ಭಾಯಿಯ ಪಕ್ಕ ಕೂತಿದ್ದಾರೆ. ಸರದಿ ಬಂತು. ನನ್ನ ಮೇಜಿನ ಮುಂದೆ ಕೂತು ಗಂಟಲು ಸರಿಮಾಡಿಕೊಂಡರು.

"ನನಗೊಬ್ರು ಫ್ರೆಂಡ್ ಇದಾರೆ."

ನಾನು ರಿಜಿಸ್ಟರು ತೆರೆದು, ದಿನಾ ಕೇಳುವ ಹಾಗೆಯೇ ಕೇಳಿದೆ. ನಿಮ್ಮ ಫ್ರೆಂಡಿಗೆ ನಿದ್ದೆ ಎಷ್ಟು ದಿನದಿಂದ ಇಲ್ಲ? ಎರಡು ವರ್ಷವಾಯಿತು ಎಂದರು. ಮನೆಯಲ್ಲಿ ಹೇಳಿದ್ದಾರೆಯೇ? ಇಲ್ಲ, ಅವರು ಯಾರಿಗೂ ಏನೂ ಹೇಳುವವರಲ್ಲ ಎಂದರು. ನಾನು ಬಿ.ಪಿ. ಪಟ್ಟಿ ಎತ್ತಿಕೊಂಡೆ. ಸಾಹೇಬರು ತೋಳು ಮಡಚಿದರು. ಹಿಂದಿನಿಂದ ಭಾಯಿ ಮುಂದಕ್ಕೆ ಬಾಗಿ, ಬಹಳ ಗೌರವದಿಂದ ಹೇಳಿದರು.

"ಸಾರ್, ನಿಮ್ ಫ್ರೆಂಡ್‌ಗೆ ಹೇಳಿ, ಮಾತ್ರೆ ತಗೊಂಡ್ರೆ ಮೊದಲ್ನೇ ವಾರ ಬಾಯಿ ಒಣಗತ್ತೆ, ಹೆದರ್ಬಾರ್ದು. ನಮ್ ಬಾಮೈದನಿಗೂ ಹಂಗೇ ಆಗಿತ್ತು."

ಸಾಹೇಬರು ಭಾಯಿಯನ್ನು ನೋಡಿದರು. ಬೆಂಚಿನ ಉದ್ದಕ್ಕೂ ಕೂತಿದ್ದ ನೆಂಟರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ಆಮೇಲೆ ರಿಜಿಸ್ಟರನ್ನು ತಮ್ಮ ಕಡೆ ತಿರುಗಿಸಿಕೊಂಡು, 'ಬೇರೆಯವರ ಪರವಾಗಿ' ಎಂಬ ಕಾಲಮ್ಮಿನ ತಲೆಯ ಮೇಲೆ ತಮ್ಮ ಪೆನ್ನಿನಿಂದಲೇ ಬರೆದರು: 'ಇವರನ್ನೂ ರೋಗಿಗಳೆಂದೇ ಪರಿಗಣಿಸುವುದು.' ಕೆಳಗೆ ಸಹಿ, ತಾರೀಖು.

ಆ ಒಂದು ಸಾಲಿಗೆ ನಮ್ಮ ಖಾಲಿ ರಿಜಿಸ್ಟರು ತುಂಬಿಹೋಯಿತು. ಜೀಪು ನಿಲ್ಲಲಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ ಅದು ಹಳತಾಯಿತೆಂದು ಹೊಸ ಗಾಡಿಯನ್ನೇ ಕೊಟ್ಟರು. ತೊಂದರೆ ಇಲ್ಲದವರ ಪಟ್ಟಿ ಮಾತ್ರ ಇಪ್ಪತ್ತೊಂಬತ್ತಕ್ಕೇ ನಿಂತಿತು. ಮೂವತ್ತನೆಯವರು ಇನ್ನೊಂದು ಪಟ್ಟಿಗೆ ಸೇರಿದ್ದಾರೆ ಎಂದು ಮೇಡಂ ವರದಿಯ ಕೊನೆಯಲ್ಲಿ ಹೆಸರಿಲ್ಲದೆ ಬರೆದರು. ಆ ವರದಿಯನ್ನು ಸಾಹೇಬರೇ ಮೇಲಕ್ಕೆ ಕಳಿಸಿದರು.

ಅವರ ಫ್ರೆಂಡು ವರ್ಷದೊಳಗೆ ಗುಣವಾದರು. ಸಾಹೇಬರು ನಿವೃತ್ತರಾದ ಮೇಲೆ ಒಂದು ಮಂಗಳವಾರ ಮತ್ತೆ ಬಂದರು. ಮುಖ ತುಂಬಿಕೊಂಡಿತ್ತು, ದನಿಯ ಬಿಗಿ ಸಡಿಲವಾಗಿತ್ತು. ಜೊತೆಯಲ್ಲಿ ಅವರದೇ ವಯಸ್ಸಿನ, ಕಣ್ಣ ಕೆಳಗೆ ಮಸಿ ಬಳಿದಂತಿದ್ದ ಇನ್ನೊಬ್ಬರು. ಅವರನ್ನು ಬೆಂಚಿನ ಮೇಲೆ ಕೂರಿಸಿ, ಸಾಹೇಬರು ನನ್ನ ಹತ್ತಿರ ಬಂದು ಮೆಲ್ಲಗೆ ಪರಿಚಯ ಮಾಡಿಕೊಟ್ಟರು.

"ಸಿಸ್ಟರಣ್ಣ, ಇವರು ನನ್ನ ಫ್ರೆಂಡು. ಇವರ ಫ್ರೆಂಡ್ ಒಬ್ರಿಗೆ ನಿದ್ದೆ ಬರ್ತಿಲ್ವಂತೆ."