ಸಿಡಿಲುಬೋರನ ಸತ್ತ ಅವ್ವ

ಬೈಸಿಕೊಳ್ಳುವುದರಲ್ಲೂ ಅಂತಸ್ತು ಇದೆ ಎಂಬುದು ನನಗೆ ಐವತ್ತು ದಾಟಿದ ಮೇಲೆ ತಿಳಿಯಿತು. ಕಚೇರಿಯಲ್ಲಿ ಬೈಸಿಕೊಂಡರೆ ಊಟ ಸೇರುವುದಿಲ್ಲ. ಮನೆಯಲ್ಲಿ ಬೈಸಿಕೊಂಡರೆ ಊಟವೇ ಸಿಗುವುದಿಲ್ಲ. ಓದುಗರಿಂದ ಬೈಸಿಕೊಂಡು ಬಂದ ದಿನ ಮಾತ್ರ ನಾನು ಎದೆಯುಬ್ಬಿಸಿ ಕುಳಿತು ಎರಡನೆಯ ಮುದ್ದೆ ಕೇಳಿದೆ. ಹೆಂಡತಿ ಹಣೆ ಮುಟ್ಟಿ ನೋಡಿದಳು.

ನನ್ನ ಸ್ವಭಾವ ಹೀಗೆ: ಮಂಡ್ಯದ ಗುತ್ತಲು ಬಡಾವಣೆಯ ಮನೆಯಿಂದ ಹೊರಟವನು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುತ್ತೇನೆ. ಇಂಥವನು ಯಾವುದಕ್ಕೂ ಹೆದರದ ಸಿಡಿಲುಬೋರನೆಂಬ ಮಹಾಶೂರನನ್ನು ಹುಟ್ಟಿಸಿದೆ. ಇಲ್ಲಿನದೊಂದು ಸಣ್ಣ ಮಾಸಪತ್ರಿಕೆಯ ಕೊನೆಯ ಪುಟದಲ್ಲಿ ತಿಂಗಳಿಗೊಂದು ಕಂತು ಚಿತ್ರಕಥೆ. ಬರೆಯುವವನೂ ನಾನೇ, ಬಿಡಿಸುವವನೂ ನಾನೇ. ಮಂಡ್ಯದಲ್ಲಿ ಕಾಫಿ ಬಗ್ಗಿಸಿಟ್ಟು, ಮದ್ದೂರಿಗೆ ಓಡಿ ವಡೆ ತಂದು, ಆರುವುದರೊಳಗೆ ಕಾಫಿ ಕುಡಿಯುವಷ್ಟು ವೇಗ ಬೋರನದು.

ಇದನ್ನು ಓದುವವರಿದ್ದಾರೆಂದು ನನಗೆ ಗೊತ್ತಾದದ್ದು ಕೊಕ್ಕರೆಗಳಿಂದ. ಬೋರ ಒಮ್ಮೆ ಶ್ರಾವಣದಲ್ಲಿ ಕೊಕ್ಕರೆ ಬೆಳ್ಳೂರಿನ ಮರ ಹತ್ತಿ ಮರಿಯೊಂದನ್ನು ಕಾಪಾಡಿದ್ದ. “ಶ್ರಾವಣದಲ್ಲಿ ಅಲ್ಲಿ ಗೂಡೇ ಇರಲ್ಲ, ಮರಿ ಎಲ್ಲಿಂದ ತಂದ್ರಿ ಸಾರ್?” ಎಂದು ಫೋನ್ ಬಂತು. ನಮ್ಮ ಬೀದಿಯ ಸ್ಫೂರ್ತಿ, ಬಿ.ಎಸ್ಸಿ. ಓದುವ ಹುಡುಗಿ. ಅವಳ ಬೆನ್ನಿಗೇ ಬೀಜ-ಗೊಬ್ಬರದ ಅಂಗಡಿಯ ನಿಂಗೇಗೌಡರು ಸಿಕ್ಕಿ, “ಬುಡಿ ಸಾ, ನಮ್ ಬೋರನ್ ಕಂಡು ಕೊಕ್ಕರೇನೂ ವಾಪಸ್ ಬಂದಿರ್ತವೆ” ಅಂದರು. ಅಲ್ಲಿಂದ ಭಾನುವಾರಗಳಂದು ಅವರ ಅಂಗಡಿಯ ಮುಂದೆ ಇಬ್ಬರದೂ ವಾದ ನಡೆಯತೊಡಗಿತು. ನಾನು ಗೊಬ್ಬರದ ಮೂಟೆಯ ಮೇಲೆ ಕುಳಿತು ಕೇಳುತ್ತಿದ್ದೆ.

ನಿಜವಾದ ಸಂಕಟ ಬಂದದ್ದು ಮೊನ್ನೆಯ ಕಂತಿನಲ್ಲಿ. ಬೋರ ಮಳವಳ್ಳಿ ದಾರಿಯಲ್ಲಿ ಉರುಳುತ್ತಿದ್ದ ಬಸ್ಸನ್ನು ಎತ್ತಿ ನಿಲ್ಲಿಸಿ ಹಸಿದು ಮನೆಗೆ ಬರುತ್ತಾನೆ. ಮಹಾಶೂರನನ್ನು ಒಲೆಯ ಮುಂದೆ ಕೂರಿಸಿ ಮುದ್ದೆ ತೊಳಸಲು ಹಚ್ಚುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಬಾಗಿಲಲ್ಲಿ ಹೆಂಗಸೊಬ್ಬಳನ್ನು ನಿಲ್ಲಿಸಿ, “ಬಾ ಮಗ, ಮುದ್ದೆ ಆರೋಯ್ತದೆ” ಅನ್ನಿಸಿದೆ. “ಬಂದೆ ಕಣವ್ವ” ಅಂದ ಬೋರ. ಮೊದಲ ಕಂತಿನಲ್ಲೇ ಅವನ ಅವ್ವನನ್ನು ನಾಲೆಯ ಪಾಲು ಮಾಡಿದ್ದೆನೆಂಬುದು ಪತ್ರಿಕೆ ಹಂಚಿಕೆಯಾದ ಮೇಲೆ ನೆನಪಾಯಿತು.

ಆ ಭಾನುವಾರ ನಾನು ಅಂಗಡಿ ಮುಟ್ಟುವಷ್ಟರಲ್ಲಿ ವಾದದ ಕಾವು ಏರಿತ್ತು.

“ಸತ್ತೋಳು ಸತ್ತೋಳೇ ಗೌಡ್ರೇ. ನಾನು ಆವತ್ತು ಅತ್ತಿದ್ದೆ. ಈಗ ಬದುಕವಳೆ ಅಂದ್ರೆ ನನ್ನ ಅಳು ಏನಾಯ್ತು?” ಅಂದಳು ಸ್ಫೂರ್ತಿ.

ನಾನು ಬರೆದದ್ದಕ್ಕೆ ಒಬ್ಬರು ಅತ್ತಿದ್ದರು! ನನ್ನ ಕಚೇರಿ ಟಿಪ್ಪಣಿಗಳನ್ನು ಓದಿ ಸಾಹೇಬರು ಅಳುವಂತಾಗಿದ್ದಾರೆ, ಅದು ಬೇರೆ ಮಾತು.

“ಅಲ್ಲ ಕಣವ್ವ, ಊರೆಲ್ಲಾ ಕಾಪಾಡ್ಕಂಡು ಬಂದವ್ನೆ. ಒಂದು ಮುದ್ದೆ ಇಕ್ಕೋರು ಬ್ಯಾಡ್ವಾ? ಓಟ್ಲಲ್ಲಿ ತಿನ್ಲಾ?” ಅಂದರು ಗೌಡರು.

“ಹಂಗಾದ್ರೆ ಮದ್ವೆ ಮಾಡ್ಸಿ.”

“ಮದ್ವೆ ಆದ್ಮೇಲೆ ಊರು ಕಾಪಾಡಕ್ಕೆ ಯಾರು ಬುಟ್ಟಾರು?”

ನಗು ಬಂದರೂ ನುಂಗಿಕೊಂಡೆ. ಸ್ಫೂರ್ತಿ ನನ್ನತ್ತ ತಿರುಗಿ, “ಅವಳು ಬದುಕಿದ್ರೆ ನಾನಿನ್ನು ಓದಲ್ಲ ಸಾರ್” ಅಂದಳು. “ಅವಳ್ನ ಇನ್ನೊಂದ್ ಸಲ ಸಾಯ್ಸುದ್ರೆ ಪತ್ರಿಕೇನೇ ತರ್ಸಾಕಿಲ್ಲ” ಅಂದರು ಗೌಡರು. ಇಷ್ಟು ಗಮನವಿಟ್ಟು ಓದುವವರು ನನಗಿದ್ದದ್ದು ಇಬ್ಬರೇ. ಅವಳನ್ನು ಉಳಿಸಿದರೆ ಒಬ್ಬರು ಹೋಗುತ್ತಾರೆ, ಕೊಂದರೆ ಇನ್ನೊಬ್ಬರು. ತಪ್ಪಾಯಿತೆಂದು ಹೇಳಿಬಿಡಲು ಬಾಯಿ ತೆರೆದೆ.

“ನೀವು ಸುಮ್ಕಿರಿ ಸಾ” ಎಂದು ಗೌಡರು ತಡೆದರು. “ಅವ್ವ ಅಂದ್ರೆ ಎತ್ತವ್ವನೇ ಆಗ್ಬೇಕಾ? ನಮ್ ಸಣ್ಣವ್ವನ್ನ ನಾನೂ ಅವ್ವ ಅಂತ್ಲೇ ಕರೆಯಾದು. ಇವ್ಳು ಸತ್ತೋಳ ತಂಗಿ ಇರ್ಬೇಕು.”

“ಸಾಕ್ಷಿ?” ಅಂದವಳೇ ಸ್ಫೂರ್ತಿ ಮೊದಲ ಕಂತನ್ನು ಫೋನಿನಲ್ಲಿ ತೆಗೆದು ಹಿಗ್ಗಿಸಿದಳು. ಸಾವಿನ ಮನೆಯ ಚಿತ್ರದಲ್ಲಿ ಎಳೆಯ ಬೋರನನ್ನು ತಬ್ಬಿಕೊಂಡ ಹೆಂಗಸೊಬ್ಬಳಿದ್ದಳು. ಜಾಗ ಖಾಲಿ ಕಂಡಿತೆಂದು ನಾನು ಸುಮ್ಮನೆ ಬಿಡಿಸಿದವಳು. ಅವಳ ಎಡಗೆನ್ನೆಯ ಮೇಲೊಂದು ಮಚ್ಚೆ! ಮೊನ್ನೆ ಮುದ್ದೆಗೆ ಕರೆದವಳ ಎಡಗೆನ್ನೆಯಲ್ಲೂ ಮಚ್ಚೆ! ಸತ್ತ ಅವ್ವನ ಕೆನ್ನೆ ಮಾತ್ರ ಸ್ವಚ್ಛ. ನನ್ನ ಪೆನ್ನು ಆಗಾಗ ಮಸಿ ಕಕ್ಕುತ್ತದೆ. ಅವ್ವನ ಸರದಿಯಲ್ಲಿ ಅದೇಕೋ ಸುಮ್ಮನಿತ್ತು.

“ಸಾರ್!” ಸ್ಫೂರ್ತಿಯ ಕಣ್ಣು ಅರಳಿತು. “ಮೊದಲ ಕಂತಲ್ಲೇ ಪ್ಲ್ಯಾನ್ ಮಾಡಿದ್ರಾ?”

ಇಬ್ಬರೂ ನನ್ನನ್ನೇ ನೋಡಿದರು. ಹಾಗೆ ನನ್ನನ್ನು ಯಾರೂ ನೋಡಿದ್ದಿಲ್ಲ. ಮದುವೆಯ ಮಂಟಪದಲ್ಲೂ ಇಲ್ಲ. ನಾನು ನಿಧಾನವಾಗಿ, ಬಹಳ ಗಂಭೀರವಾಗಿ ತಲೆಯಾಡಿಸಿದೆ.

“ನಾನ್ ಯೋಳ್ಲಿಲ್ವಾ, ಸಾಮಾನ್ಯ ತಲೆ ಅಲ್ಲ ಇದು” ಎಂದು ಗೌಡರು ಟೀ ತರಿಸಿದರು. ಸ್ಫೂರ್ತಿ ಅವರ ಗ್ಲಾಸಿಗೆ ತನ್ನ ಗ್ಲಾಸು ತಾಕಿಸಿದಳು. ಆಮೇಲೆ ಇಬ್ಬರೂ ತಲೆ ಜೋಡಿಸಿ ಆ ಚಿತ್ರವನ್ನು ಇನ್ನಷ್ಟು ಹಿಗ್ಗಿಸಿದರು.

“ಹಂಗಾದ್ರೆ ಸೂರಿನ ಮ್ಯಾಲೆ ಕುಂತಿರೋ ಈ ಕಾಗೆ?” ಅಂದರು ಗೌಡರು.

“ಮುಂದೆ ಗೊತ್ತಾಗುತ್ತೆ” ಅಂದೆ, ಮುಗುಳ್ನಕ್ಕು.

ಮನೆಗೆ ಬಂದು ಎರಡನೆಯ ಮುದ್ದೆ ತಿಂದದ್ದು ಆ ಹೆಮ್ಮೆಯಲ್ಲೇ. ಕೈ ತೊಳೆಯುವಾಗ ಕಾಗೆ ನೆನಪಾಯಿತು. ಅದು ಕಾಗೆಯಲ್ಲ, ಹೆಂಚು ಬಿಡಿಸುವಾಗ ಬಿದ್ದ ಮಸಿ. ಮುಂದಿನ ಕಂತಿನಲ್ಲಿ ಅದು ಏನಾದರೂ ಮಾಡಲೇಬೇಕು. ಏನು ಮಾಡುತ್ತದೆಂದು ನನಗಂತೂ ಗೊತ್ತಿಲ್ಲ, ಆಮೇಲೆ ಫೋನ್ ಮಾಡಿದ ನಿಂಗೇಗೌಡರಿಗೆ ಆಗಲೇ ಗೊತ್ತಾಗಿದೆಯಂತೆ.