ಮೊಹರು ಒತ್ತಲಾಗದ ವಿಡಿಯೋ

ನನ್ನದೊಂದು ಕೆಟ್ಟ ಅಭ್ಯಾಸವಿದೆ. ಒಳ್ಳೆಯ ವಸ್ತು ಕೈಗೆ ಬಂದರೆ ಮೊದಲು ಬೀಗ ಹಾಕುತ್ತೇನೆ. ಅದು ಯಾರಿಗಾಗಿ ಬಂತೆಂದು ಯೋಚಿಸುವುದು ಆಮೇಲೆ. ಕೊಪ್ಪದ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿ ಕೂದಲು ಬೆಳ್ಳಗಾದವನು ನಾನು. ಹೊಸ ಪುಸ್ತಕ ಬಂದರೆ ರಟ್ಟು ಹಾಕಿ, ನಂಬರು ಬರೆದು, ಕದ್ದವರಿಗೆ ತಿಳಿಯದಂತೆ ಒಳಗಿನ ಒಂದು ಗುಟ್ಟಿನ ಪುಟದಲ್ಲೂ ಮೊಹರು ಒತ್ತುವ ತನಕ ಪ್ರಾಂಶುಪಾಲರು ಕೇಳಿದರೂ ಕೊಡುವವನಲ್ಲ. ಮನೆಯಲ್ಲೂ ಇದೇ ಹಣೆಬರಹ. ಹೊಸ ಮಿಕ್ಸಿಯನ್ನು ಹದಿನೈದು ದಿನ ಡಬ್ಬಿಯಿಂದ ತೆಗೆಯದಿದ್ದಾಗ ನನ್ನ ಹೆಂಡತಿ, "ಇದಕ್ಕೂ ಮೊಹರು ಬೀಳ್ಬೇಕಾ ಎಂತ?" ಎಂದು ಕೇಳಿದ್ದಳು.

ಇಂಥವನಿಗೆ ಪ್ರಾಂಶುಪಾಲರು ಕಳೆದ ವರ್ಷ ವಿಡಿಯೋ ಪರೀಕ್ಷಿಸುವ ಕೆಲಸ ಒಪ್ಪಿಸಿದರು. ಪಾಠದ ವಿಡಿಯೋಗಳನ್ನು ಸಾವಿರಗಟ್ಟಲೆ ಕೂಡಿಟ್ಟು, ಇಂಟರ್ನೆಟ್ಟಿನಲ್ಲೇ ತೋರಿಸುವ ಎರಡು ಕಂಪನಿಗಳು ನಮ್ಮ ಗ್ರಂಥಾಲಯಕ್ಕೆ ಒಂದು ತಿಂಗಳು ಪುಕ್ಕಟೆ ಪಾಸ್‌ವರ್ಡ್ ಕೊಟ್ಟಿದ್ದವು. "ಎರಡನ್ನೂ ನೋಡಿ, ಯಾವುದಕ್ಕೆ ಚಂದಾ ಕಟ್ಟೋದು ಹೇಳಿ ಮಾರಾಯ್ರೆ," ಎಂದರು.

ನಾನು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ವಿಡಿಯೋಗೆ ಮೊಹರು ಒತ್ತುವುದು ಎಲ್ಲಿ? ಚಂದಾ ಕಟ್ಟದೆ ಅದು ನಮ್ಮದಲ್ಲ. ನಮ್ಮದಲ್ಲದ್ದನ್ನು ಮಕ್ಕಳಿಗೆ ಕೊಡುವುದು ಹೇಗೆ? ನಿಯಮ ನನ್ನ ಕಡೆಗಿತ್ತು, ಅದೇ ಗ್ರಹಚಾರ.

ಪ್ರಾಣಿಶಾಸ್ತ್ರದ ಸುಮಿತ್ರಾ ಎರಡು ಸಲ ಬಂದು ಕೇಳಿದಳು. ಶೃಂಗೇರಿ ಬಸ್ಸಿನಲ್ಲಿ ಅಡ್ಡಗದ್ದೆಯಿಂದ ಬರುವ, ಕೊನೆಯ ವರ್ಷದ ಹುಡುಗಿ. "ಸಾರ್, ಹೃದಯದ ವಿಡಿಯೋ ಇದೆಯಂತಲ್ಲ, ಒಂದ್ಸಲ ನೋಡ್ಲಾ? ಪ್ರಾಕ್ಟಿಕಲ್ ಪರೀಕ್ಷೆ ಹತ್ರ ಬಂತು. ನಮ್ಮನೆ ಹತ್ರ ನೆಟ್‌ವರ್ಕೇ ಸಿಗಲ್ಲ."

"ಟ್ರಯಲ್ ಮುಗೀಲಿ, ಆಮೇಲೆ ವರ್ಷವಿಡೀ ನೋಡುವೆಯಂತೆ," ಎಂದೆ. ಎಷ್ಟು ಉದಾರಿ ನೋಡಿ ನಾನು!

ಅವಳು ಹೋದ ಮೇಲೆ ಬೀರು ತೆಗೆದು ನಾನೇ ನೋಡಿದೆ. ಹೃದಯ ಎರಡು ಸಲ. ಪೆಂಗ್ವಿನ್ ಮೂರು ಸಲ. ಗಂಡು ಪೆಂಗ್ವಿನ್ ಮೊಟ್ಟೆಯನ್ನು ಕಾಲ ಮೇಲಿಟ್ಟುಕೊಂಡು ಚಳಿಯಲ್ಲಿ ಯಾರಿಗೂ ಕೊಡದೆ ನಿಲ್ಲುವುದು ಯಾಕೋ ಬಹಳ ಹಿಡಿಸಿತು. ಮೌಲ್ಯಮಾಪನದ ನಮೂನೆಯಲ್ಲಿ "ವಿದ್ಯಾರ್ಥಿಗಳಿಗೆ ಅತ್ಯಂತ ಉಪಯುಕ್ತ" ಎಂದು ದುಂಡಗೆ ಬರೆದೆ.

ತಿಂಗಳು ಮುಗಿದಾಗ ಎರಡೂ ಕಂಪನಿಗಳು ಯಾರು ಏನು ನೋಡಿದರೆಂಬ ವರದಿ ಕಳಿಸಿದವು. ಹೀಗೊಂದು ವರದಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಸಭೆಯಲ್ಲಿ ಪ್ರಾಂಶುಪಾಲರು ಅದನ್ನು ಗಟ್ಟಿಯಾಗಿ ಓದಿದರು. ಇಡೀ ಕಾಲೇಜಿನಿಂದ ನೋಡಿದವರು ಒಬ್ಬರು, ಗ್ರಂಥಪಾಲಕರು. ಪೆಂಗ್ವಿನ್ ಮೂರು ಸಲ. ಎಲ್ಲರೂ ನಕ್ಕರು, ನಾನೂ ನಕ್ಕೆ. "ಮಕ್ಕಳಿಗೆ ಬೇಡದಿದ್ದ ಮೇಲೆ ಚಂದಾ ಎಂತಕ್ಕೆ ಮಾರಾಯ್ರೆ?" ಎಂದು ಅವರು ಕಡತ ಮುಚ್ಚಿದರು. ಬೀರುವಿನ ಕೀಲಿ ನನ್ನ ಜೇಬಿನಲ್ಲೇ ಇತ್ತು. ಮಕ್ಕಳು ಕೇಳಿದ್ದರು, ನಾನೇ ಕೊಡಲಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಆ ಮಾತು ಆಡಿದ್ದರೆ ಚಂದಾ ಕಟ್ಟುತ್ತಿದ್ದರೇನೋ.

ಪರೀಕ್ಷೆಯ ಹಿಂದಿನ ದಿನ ಸುಮಿತ್ರಾ ಪುಸ್ತಕ ಹಿಂದಿರುಗಿಸಲು ಬಂದಳು. ವಿಡಿಯೋ ಇನ್ನು ಸಿಗುವುದಿಲ್ಲವೆಂದು ಅವಳಿಗೆ ತಿಳಿದಿತ್ತು. ಕೋಪವಿರಲಿಲ್ಲ; ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ನೀವು ನೋಡಿದ್ರಂತಲ್ಲ ಸಾರ್, ಹೇಗಿತ್ತು?" ಎಂದಳು.

ಪ್ರಾಯಶ್ಚಿತ್ತಕ್ಕೆ ಇದೇ ಸಮಯವೆಂದು ಎದ್ದು ನಿಂತೆ. ಎರಡೂ ಮುಷ್ಟಿ ಬಿಗಿದು, ರಕ್ತ ಹೇಗೆ ಒಳಗೆ ಬರುತ್ತದೆ, ಕವಾಟ ಹೇಗೆ ಮುಚ್ಚುತ್ತದೆ, ಶ್ವಾಸಕೋಶಕ್ಕೆ ಹೇಗೆ ಚಿಮ್ಮುತ್ತದೆ ಎಂದು ಅಭಿನಯಿಸಿ ತೋರಿಸಿದೆ. ಬಸ್ಸಿಗೆ ಹೊತ್ತಾಗುತ್ತಿದ್ದರೂ ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನ ಎಡಗೈಯ ಮುಷ್ಟಿಯನ್ನು ತೋರಿಸಿ, ಮೆಲ್ಲಗೆ, "ಸಾರ್, ಶ್ವಾಸಕೋಶಕ್ಕೆ ರಕ್ತ ಹೋಗೋದು ಅಲ್ಲಿಂದಲ್ಲ, ಬಲಗಡೆಯಿಂದ," ಎಂದಳು.